ಸ್ಟೀರಿಯೋ ಸಣ್ಣದಾಯಿತು, ಮನಸ್ಸು?

ಮನೆ ಬದಲಾಯಿಸುವ ದಿನ ನಮ್ಮ ಸಾಮಾನುಗಳೆಲ್ಲ ಬೀದಿಗೆ ಬಂದು ನಿಲ್ಲುತ್ತವೆ. ಗೋಡೆಗೆ ಒರಗಿಕೊಂಡಿದ್ದ ಬೀರು, ಕಾಲು ಮುರಿದ ಟೀಪಾಯಿ, ಯಾರೂ ಬಿಚ್ಚಿ ನೋಡದ ಪುಸ್ತಕಗಳ ಗಂಟು, ಎಲ್ಲವೂ ಟೆಂಪೋ ಬರುವವರೆಗೆ ಬಿಸಿಲು ಕಾಯುತ್ತ ಕೂತಿರುತ್ತವೆ. ಇಷ್ಟೆಲ್ಲ ನಮಗೆ ಏಕೆ ಬೇಕಿತ್ತು ಎಂಬ ಪ್ರಶ್ನೆ ಆ ದಿನ ಎಲ್ಲರ ಮನದಲ್ಲೂ ಏಳುತ್ತದೆ. ಹೊಸ ಮನೆಯಲ್ಲಿ ಒಲೆ ಹಚ್ಚಿ ಚಹಾ ಕುಡಿಯುವಷ್ಟರಲ್ಲಿ ಮರೆತೂ ಹೋಗುತ್ತದೆ. ನನ್ನ ಮಟ್ಟಿಗೆ ಅದು ಮರೆಯಲಿಲ್ಲ. ಅದಕ್ಕೆ ಕಾರಣ ಒಂದು ಸ್ಟೀರಿಯೋ.

ನಮ್ಮ ಕುಟುಂಬ 1994ರಿಂದ ಜಯನಗರದ ಪಕ್ಕದ ತಿಲಕ್‌ನಗರದಲ್ಲಿ ಒಂದೇ ಬಾಡಿಗೆ ಮನೆಯಲ್ಲಿ ವಾಸವಾಗಿತ್ತು. 2023ರಲ್ಲಿ ಮಾಲೀಕರು ಆ ಹಳೆಯ ಮನೆಯನ್ನು ಕೆಡವಿ ಫ್ಲಾಟುಗಳನ್ನು ಕಟ್ಟಿಸಲು ನಿರ್ಧರಿಸಿದರು. ಅವರ ಮನೆ, ಅವರ ಇಷ್ಟ. ನಾವು ಬನ್ನೇರುಘಟ್ಟ ರಸ್ತೆ ದಾಟಿ ಗುರಪ್ಪನಪಾಳ್ಯಕ್ಕೆ ಬಂದೆವು. ಮೂವತ್ತು-ನಲವತ್ತರ ನಿವೇಶನದಲ್ಲಿ ಎದ್ದು ನಿಂತ ಕಟ್ಟಡ, ಮಹಡಿಗೆ ಎರಡು ಮನೆ, ನಡುವೆ ಒಂದೇ ಗೋಡೆ. ನಮ್ಮ ಹಾಲು ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ದಕ್ಷಿಣ ಬೆಂಗಳೂರಿನ ಬಿ.ಟಿ.ಎಂ., ಜೆ.ಪಿ. ನಗರ, ಬನಶಂಕರಿ ಕಡೆ ಬಾಡಿಗೆಗೆ ಮನೆ ಹುಡುಕಿದವರಿಗೆ ಇಂತಹ ಹಾಲನ್ನು ನಾನು ವರ್ಣಿಸಿ ಹೇಳಬೇಕಾಗಿಲ್ಲ.

ಸ್ಟೀರಿಯೋ ಅಬ್ಬಾ ಕೊಂಡದ್ದು. ಅವರು ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸಗಾರರಾಗಿದ್ದರು. ಕಂತಿನಲ್ಲಿ ಕೊಂಡರೆ ಬಡ್ಡಿ ಕಟ್ಟಬೇಕಾಗುತ್ತದೆಂದು ಎರಡು ವರ್ಷ ಓವರ್‌ಟೈಮ್ ದುಡ್ಡನ್ನು ಕೂಡಿಟ್ಟು, ತಿಲಕ್‌ನಗರದ ಮನೆಗೆ ಬಂದ ವರ್ಷವೇ ನಗದು ಕೊಟ್ಟು ತಂದರು. ಎತ್ತಲು ಇಬ್ಬರು ಬೇಕಾಗುವಂತಹ ಆಂಪ್ಲಿಫೈಯರ್, ಅದರ ಮೇಲೆ ಕ್ಯಾಸೆಟ್ ಡೆಕ್, ಎರಡೂ ಬದಿಗೆ ಸೊಂಟದೆತ್ತರದ ಮರದ ಪೆಟ್ಟಿಗೆಗಳಲ್ಲಿ ಸ್ಪೀಕರುಗಳು. ಅಮ್ಮಿ ಕಸೂತಿ ಹಾಕಿದ ಬಟ್ಟೆಯನ್ನು ಅವುಗಳ ಮೇಲೆ ಹೊದಿಸಿದ್ದರು.

ಆ ದಿನಗಳ ಮುಸ್ಲಿಮ್ ಮನೆಗಳನ್ನು ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ. ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ಭಟ್ಕಳ, ಮಂಗಳೂರು, ಕಾಸರಗೋಡಿನ ಕಡೆಯಿಂದ ಕೊಲ್ಲಿ ನಾಡುಗಳಿಗೆ ಹೋದವರು ಊರಿಗೆ ಮರಳುವಾಗ ಟೂ-ಇನ್-ಒನ್ ತರುತ್ತಿದ್ದರು. ಜೊತೆಗೆ ಈಜಿಪ್ಟಿನ ಕಾರಿಗಳ ಕುರ್‌ಆನ್ ಪಾರಾಯಣದ ಕ್ಯಾಸೆಟ್‌ಗಳು. ಫಿಲಿಪ್ಸ್ ಕಂಪೆನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ, 1961ರಲ್ಲಿ, ಶೇಖ್ ಮಹ್ಮೂದ್ ಖಲೀಲ್ ಅಲ್ ಹುಸರಿಯವರ ಕಂಠದಲ್ಲಿ ಸಂಪೂರ್ಣ ಕುರ್‌ಆನ್ ಧ್ವನಿಮುದ್ರಣಗೊಂಡಿತ್ತು. ಅವರದೂ, 1988ರಲ್ಲಿ ನಿಧನರಾದ ಶೇಖ್ ಅಬ್ದುಲ್ ಬಾಸಿತರದೂ ಸ್ವರಗಳು ಹೀಗೆ ಹಂಚಿನ ಮನೆಗಳ ಜಗಲಿಯವರೆಗೂ ಬಂದವು. ಬೆಂಗಳೂರಿನಲ್ಲಿ ಕೊಲ್ಲಿಗೆ ಹೋಗದವರು ಬಿ.ಪಿ.ಎಲ್., ಫಿಲಿಪ್ಸ್, ಸೊನೊಡೈನ್ ಎಂದು ಇಲ್ಲಿಯ ಅಂಗಡಿಗಳಲ್ಲೇ ಹುಡುಕಿದರು. ಸೆಟ್ಟು ದೊಡ್ಡದಾದಷ್ಟೂ ಮನೆಗೆ ಗೌರವ. ಅದರ ಮೇಲೆ ಬರೆದಿರುತ್ತಿದ್ದ ವಾಟ್‌ಗಳೂ ಅಷ್ಟೇ ದೊಡ್ಡವು. ಪಿ.ಎಂ.ಪಿ.ಓ. ಎಂಬ ಒಂದು ಲೆಕ್ಕವಿತ್ತು. ನಿಮಗೆ ನೆನಪಿರಬಹುದು, ಸಾವಿರ ವಾಟ್ ಎಂದು ಮುದ್ರಿಸಿದ ಪೆಟ್ಟಿಗೆ ನಿಜವಾಗಿ ನಿರಂತರವಾಗಿ ಕೊಡುತ್ತಿದ್ದದ್ದು ಕೆಲವು ಹತ್ತು ವಾಟ್ ಮಾತ್ರ. ಕಣ್ಣೆವೆ ಇಕ್ಕುವಷ್ಟು ಹೊತ್ತು ಸಿಗಬಹುದಾದ ಗರಿಷ್ಠ ಶಕ್ತಿಯನ್ನು ಬಗೆಬಗೆಯಾಗಿ ಕೂಡಿಸಿ ಉಬ್ಬಿಸಿ ಬರೆಯುತ್ತಿದ್ದರು. ತಕ್ಕಡಿಯಲ್ಲಿ ಕಡಿಮೆ ತೂಗುವವರ ಬಗ್ಗೆ ಒಂದು ಅಧ್ಯಾಯವೇ ಅವತೀರ್ಣವಾಗಿದೆ ಎಂಬುದು ಇದನ್ನು ಓದುವಾಗ ನನಗೆ ನೆನಪಾಗುತ್ತದೆ.

ಸಂಗೀತದ ವಿಧಿ-ನಿಷೇಧವನ್ನು ಇಲ್ಲಿ ನಾನು ಚರ್ಚಿಸಲು ಹೊರಟಿಲ್ಲ. ವಿದ್ವಾಂಸರಲ್ಲಿ ಹೆಚ್ಚಿನವರದು ಒಂದು ಅಭಿಪ್ರಾಯ, ಇಬ್ನು ಹಝ್ಮ್‌ರಂತಹವರದು ಇನ್ನೊಂದು. ಇಮಾಮ್ ಗಝ್ಝಾಲಿಯವರು(ರ) ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಇದಕ್ಕಾಗಿ ಒಂದು ಭಾಗವನ್ನೇ ಮೀಸಲಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ನುಡಿಯುತ್ತಿದ್ದದ್ದು ಕುರ್‌ಆನ್, ನಅತ್, ಉಪನ್ಯಾಸಗಳು ಮತ್ತು ಆಕಾಶವಾಣಿಯ ವಾರ್ತೆ. ಆದ್ದರಿಂದ ನಮ್ಮ ಕಡೆಯಿಂದ ಯಾವ ತಪ್ಪೂ ಇಲ್ಲವೆಂದು ನಾವು ನಿಶ್ಚಿಂತರಾಗಿದ್ದೆವು. ಆ ನಿಶ್ಚಿಂತೆಯ ಬಗ್ಗೆ ಮುಂದೆ ಹೇಳುತ್ತೇನೆ.

ಅಬ್ಬಾ 2021ರಲ್ಲಿ ತೀರಿಕೊಂಡರು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಮನೆ ಬಿಡುವ ಹೊತ್ತಿಗೆ ಸ್ಟೀರಿಯೋ ಮೂಲೆಯಲ್ಲಿ ಹಾಗೆಯೇ ಇತ್ತು. ಹೊಸ ಹಾಲಿನಲ್ಲಿ ಅದನ್ನಿಟ್ಟರೆ ಜನ ಕೂರುವುದು ಎಲ್ಲಿ? ಆದ್ದರಿಂದ ಅದನ್ನು ಮಾರಿ, ಸಾದರ ಪತ್ರಪ್ಪ ರಸ್ತೆಗೆ ಹೋಗಿ, ಬುತ್ತಿಯ ಡಬ್ಬಿಯಷ್ಟೇ ಇರುವ ಒಂದು ಆಂಪ್ಲಿಫೈಯರನ್ನೂ ನಾಲ್ಕು ಅಂಗುಲದ ಸ್ಪೀಕರುಗಳುಳ್ಳ ಎರಡು ಪುಟ್ಟ ಪೆಟ್ಟಿಗೆಗಳನ್ನೂ ನಾಲ್ಕೂವರೆ ಸಾವಿರ ರೂಪಾಯಿಗೆ ತಂದೆ. ಪೆಟ್ಟಿಗೆಗಳು ಬೇರೊಬ್ಬರು ಬಳಸಿದವು, ಆಂಪ್ಲಿಫೈಯರ್ ಹೊಸದು.

ಇದು ತಿಳಿದ ಮಿತ್ರರೊಬ್ಬರು ಜುಮಾ ಮುಗಿದ ಮೇಲೆ ಮಸೀದಿಯ ಮೆಟ್ಟಿಲಿನಲ್ಲಿ ನನ್ನ ಕೈ ಹಿಡಿದು, "ಮೌಲಾನಾ, ಎಲ್ಲರೂ ಇನ್ನೂ ದೊಡ್ಡದು ಬೇಕು ಅಂತಿರುವಾಗ ನೀವು ಇರೋದನ್ನೇ ಚಿಕ್ಕದು ಮಾಡಿಕೊಂಡಿರಿ. ಝುಹ್ದ್ ಅಂದರೆ ಇದೇ" ಎಂದರು. ಸತ್ಯ ಹೇಳುತ್ತೇನೆ, ನನಗೆ ಸಂತೋಷವಾಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಆ ಸಂತೋಷವಿತ್ತು.

ಝುಹ್ದ್, ಅಂದರೆ ವಿರಕ್ತಿ, ಮದ್ರಸಾದಲ್ಲಿ ನಾವು ಓದಿ ಒಪ್ಪಿಸಿದ ಶಬ್ದ. ಮನೆ ಮುಟ್ಟಿದ ಮೇಲೆ ಅದೇ ಪಾಠದಲ್ಲಿ ಓದಿದ ಒಂದು ಪ್ರಸಂಗ ನೆನಪಾಯಿತು. ಹಿಜರಿ ಎರಡನೆಯ ಶತಮಾನದ ಅಬ್ದುಲ್ಲಾ ಇಬ್ನುಲ್ ಮುಬಾರಕ್(ರ) ಮರ್ವ್ ಪಟ್ಟಣದವರು, ದೊಡ್ಡ ಹದೀಸ್ ವಿದ್ವಾಂಸರು, ಅನುಕೂಲಸ್ಥ ವ್ಯಾಪಾರಿಯೂ ಹೌದು. ಯಾರೋ ಅವರನ್ನು ‘ಓ ಝಾಹಿದ್’ ಎಂದು ಕರೆದರಂತೆ. ಝಾಹಿದ್ ಎಂದರೆ ಉಮರ್ ಬಿನ್ ಅಬ್ದುಲ್ ಅಝೀಝ್, ಪ್ರಪಂಚ ತಾನಾಗಿ ಅವರ ಕಾಲಬುಡಕ್ಕೆ ಬಂದಿತ್ತು, ಅವರು ಅದನ್ನು ಬಿಟ್ಟರು, ನಾನು ಬಿಟ್ಟದ್ದಾದರೂ ಏನನ್ನು ಎಂಬ ಅರ್ಥದಲ್ಲಿ ಅವರು ಉತ್ತರಿಸಿದರೆಂದು ಇಮಾಮ್ ಗಝ್ಝಾಲಿ(ರ) ಬರೆದಿದ್ದಾರೆ.

ನಾನು ಬಿಟ್ಟದ್ದಾದರೂ ಏನನ್ನು? ಮಾಲೀಕರು ಮನೆ ಕೆಡವದಿದ್ದರೆ ಆ ಪೆಟ್ಟಿಗೆಗಳು ಇಂದಿಗೂ ಅಲ್ಲೇ ಇರುತ್ತಿದ್ದವು. ನನ್ನ ಸಂಬಳಕ್ಕೆ ಇನ್ನೂ ದೊಡ್ಡ ಹಾಲಿನ ಮನೆ ಎಟುಕಿದ್ದರೆ ಟೆಂಪೋದಲ್ಲಿ ಮೊದಲು ಏರುತ್ತಿದ್ದದ್ದು ಅವೇ. ನನ್ನನ್ನು ಚಿಕ್ಕದು ಮಾಡಿದ್ದು ಹತ್ತಡಿ ಅಗಲದ ಗೋಡೆಗಳೇ ಹೊರತು ನನ್ನ ಈಮಾನ್ ಅಲ್ಲ. ಬಡತನ ಬೇರೆ, ವಿರಕ್ತಿ ಬೇರೆ ಎಂದು ಇಮಾಮರು ಅದೇ ಗ್ರಂಥದಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಕೈಯಲ್ಲಿ ಇಲ್ಲದಿರುವುದು ಬಡತನ. ಕೈಯಲ್ಲಿದ್ದೂ ಮನಸ್ಸು ಅದರಿಂದ ತಿರುಗಿರುವುದು ವಿರಕ್ತಿ. ಕೈ ಖಾಲಿಯಿದ್ದು ಮನಸ್ಸು ಇನ್ನೂ ಅಂಗಡಿಯ ಗಾಜಿಗೆ ಅಂಟಿಕೊಂಡಿದ್ದರೆ ಅದನ್ನು ಯಾವ ಹೆಸರಿನಿಂದ ಕರೆಯುವುದು?

ನೀವು ಕೇಳಬಹುದು: ಹಾಗಾದರೆ ಅನಿವಾರ್ಯವಾಗಿ ಇಳಿಸಿಕೊಂಡ ಮನೆ, ವಾಹನ, ಸಾಮಾನು, ಇವುಗಳಲ್ಲಿ ಯಾವ ಪುಣ್ಯವೂ ಇಲ್ಲವೇ? ಬೆಂಗಳೂರಿನಲ್ಲಿ ಎಷ್ಟೋ ಕುಟುಂಬಗಳು ಹೀಗೆ ಇಳಿಸಿಕೊಳ್ಳುತ್ತಲೇ ಇವೆ. ಅವರ ಕಷ್ಟಕ್ಕೆ ಬೆಲೆಯಿಲ್ಲವೇ? ತಾಳ್ಮೆಗೆ ಅಲ್ಲಾಹನ ಬಳಿ ಖಂಡಿತ ಬೆಲೆಯಿದೆ. ಆದರೆ ಗೋಡೆ ನಮ್ಮಿಂದ ಮಾಡಿಸಿದ ಕೆಲಸಕ್ಕೆ ನಾವು ಪುಣ್ಯ ಕೇಳಲು ಹೋಗಬಾರದು. ನಾನು ಬಹಳ ಯೋಚಿಸಿದೆ. ಈ ಸಣ್ಣ ವ್ಯವಹಾರದಲ್ಲಿ ಗೋಡೆಯ ಒತ್ತಾಯವಿಲ್ಲದೆ ನಾನು ನಿಜವಾಗಿ ಸ್ವತಂತ್ರನಾಗಿದ್ದ ಗಳಿಗೆಗಳು ಯಾವುವು? ಪರೀಕ್ಷೆ ಇದ್ದದ್ದು ಅಲ್ಲಿಯೇ. ಅವುಗಳಲ್ಲಿ ನಾನು ಹೇಗೆ ನಡೆದುಕೊಂಡೆ ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಮಾರಾಟದ ವಿಷಯ. ಅಬ್ಬಾರ ಸ್ಟೀರಿಯೋ ನನ್ನದಲ್ಲ, ಅದು ತರಿಕಾ, ಮೃತರು ಬಿಟ್ಟುಹೋದ ಆಸ್ತಿ. ಆಸ್ತಿ ಎಂದರೆ ಸೈಟು, ಮನೆ, ಬಂಗಾರ ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಸೂಜಿಯಿಂದ ಹಿಡಿದು ಎಲ್ಲವೂ ವಾರಸುದಾರರಿಗೆ ಸೇರಿದ್ದು. ಎರಡು ವರ್ಷ ಅದನ್ನು ಪಾಲು ಮಾಡದೆ ಮೂಲೆಯಲ್ಲಿಟ್ಟದ್ದೇ ನಮ್ಮ ತಪ್ಪು. ಅಮ್ಮಿ, ನಾನು, ತಮ್ಮ, ಹಾಸನದಲ್ಲಿರುವ ತಂಗಿ, ನಾಲ್ವರೂ ಒಪ್ಪಿದ ಮೇಲೆ ಮಾರಲು ಹೊರಟೆ.

ಬನಶಂಕರಿ ಎರಡನೇ ಹಂತದಿಂದ ಒಬ್ಬ ಯುವಕ ನೋಡಲು ಬಂದ. ಹಳೆಯ ಸೆಟ್ಟುಗಳನ್ನು ಕೂಡಿಸುವ ಹವ್ಯಾಸ ಆತನಿಗೆ. ಪೆಟ್ಟಿಗೆಗಳ ಮರ ನೋಡಿಯೇ ಹತ್ತು ಸಾವಿರಕ್ಕೆ ಒಪ್ಪಿದ. ಮುಂದಿನ ಬಟ್ಟೆಯ ಪರದೆಯನ್ನು ಅವನು ತೆಗೆಯಲಿಲ್ಲ. ಅದರ ಹಿಂದೆ ಏನಿದೆಯೆಂದು ನನಗೆ ಗೊತ್ತಿತ್ತು. ಸ್ಪೀಕರಿನ ಕಾಗದದ ಶಂಕುವನ್ನು ಚೌಕಟ್ಟಿಗೆ ಹಿಡಿದಿಡಲು ಸುತ್ತ ಒಂದು ಮೃದುವಾದ ಸ್ಪಂಜಿನ ಅಂಚಿರುತ್ತದೆ. ಹದಿನೈದು-ಇಪ್ಪತ್ತು ವರ್ಷ ಕಳೆದರೆ ಅದು ತಾನಾಗಿ ಹುಡಿಯಾಗುತ್ತದೆ. ಬಳಸಿದರೂ ಅಷ್ಟೇ, ಬಳಸದಿದ್ದರೂ ಅಷ್ಟೇ. ನಮ್ಮದರಲ್ಲಿ ಬೆರಳಿಟ್ಟರೆ ಕರಿ ಪುಡಿ ಉದುರುತ್ತಿತ್ತು. ಡೆಕ್ಕಿನ ಒಳಗಿನ ರಬ್ಬರ್ ಬೆಲ್ಟೂ ಕರಗಿ ಅಂಟಾಗಿತ್ತು.

ಪ್ರವಾದಿವರ್ಯರು(ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಬೆರಳಿಗೆ ತೇವ ತಗುಲಿದ ಹದೀಸ್ ನಿಮಗೆ ಗೊತ್ತಿದೆ. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಅವರು ವ್ಯಾಪಾರಿಯನ್ನು ಕೇಳಿದ್ದರು, ವಂಚಿಸುವವನು ತನ್ನವನಲ್ಲ ಎಂದೂ ಎಚ್ಚರಿಸಿದ್ದರು. ಈ ಹದೀಸನ್ನು ನಾನು ಮಕ್ಕಳಿಗೆ ಪ್ರತಿವರ್ಷ ಪಾಠ ಮಾಡುತ್ತೇನೆ. ಆದರೂ ಪರದೆಗೆ ಕೈಹಾಕಲು ನನಗೆ ಎರಡು ನಿಮಿಷ ಬೇಕಾಯಿತು. ಪರದೆ ತೆಗೆದೆ. ಯುವಕ ನೋಡಿದ, ಅಂಚು ಹೊಸದು ಹಾಕಿಸುವ ಖರ್ಚು ಲೆಕ್ಕ ಹಾಕಿದ, ಎಂಟು ಸಾವಿರ ಎಂದ. ಕೊಟ್ಟೆ.

ಸಂಜೆ ತಮ್ಮ ಸಿಟ್ಟಾದ. "ಭಾಯಿಜಾನ್, ಅವನು ಕೇಳಿದ್ದನಾ? ನೋಡಿ ತಗೊಳ್ಳೋದು ಅವನ ಜವಾಬ್ದಾರಿ. ನೀವು ಒಳ್ಳೆಯವರಾಗೋದಕ್ಕೆ ನಮ್ಮ ಪಾಲಿನ ದುಡ್ಡೇ ಬೇಕಿತ್ತಾ?"

ಓದುಗರೇ, ಈ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಕಳೆದುಹೋದ ಎರಡು ಸಾವಿರದಲ್ಲಿ ನನ್ನ ಪಾಲು ಏಳು ನೂರು ಮಾತ್ರ. ಉಳಿದದ್ದು ಅಮ್ಮಿಯದು, ತಮ್ಮನದು, ತಂಗಿಯದು. ಇನ್ನೊಬ್ಬರ ಹಣದಲ್ಲಿ ಪ್ರಾಮಾಣಿಕನಾಗುವುದು ಸುಲಭವೇ. ಇಡೀ ರಾತ್ರಿ ನಾನು ಇದನ್ನೇ ಯೋಚಿಸಿದೆ. ಕೊನೆಗೆ ನನಗೆ ತೋಚಿದ್ದಿಷ್ಟು: ಅಬ್ಬಾ ಬಿಟ್ಟುಹೋದದ್ದು ಅಂಚು ಹುಡಿಯಾದ ಸ್ಟೀರಿಯೋ. ಅದರ ಬೆಲೆ ಎಂಟು ಸಾವಿರ. ಮೇಲಿನ ಎರಡು ಸಾವಿರ ಪರದೆಯ ಬೆಲೆ, ಅಂದರೆ ಆ ಹುಡುಗನಿಗೆ ಗೊತ್ತಿಲ್ಲದಿರುವುದರ ಬೆಲೆ. ಅದು ಅಬ್ಬಾರ ಆಸ್ತಿಯಲ್ಲಿ ಎಂದೂ ಇರಲಿಲ್ಲ, ಆದ್ದರಿಂದ ಅದರಲ್ಲಿ ಯಾರಿಗೂ ಪಾಲಿಲ್ಲ. ತಮ್ಮನಿಗೆ ಹೀಗೆಯೇ ಹೇಳಿದೆ. ಅವನು ಪೂರ್ತಿ ಒಪ್ಪಿದನೆಂದು ಹೇಳಲಾರೆ. ಎಂಟನೆಯ ಒಂದು ಭಾಗ ಅಮ್ಮಿಗೆ ಸಾವಿರ, ಉಳಿದ ಏಳು ಸಾವಿರದಲ್ಲಿ ನಮ್ಮಿಬ್ಬರಿಗೆ ಎರಡು ಸಾವಿರದ ಎಂಟು ನೂರರಂತೆ, ತಂಗಿಗೆ ಸಾವಿರದ ನಾಲ್ಕು ನೂರು. ತಂಗಿ ಫೋನಿನಲ್ಲಿ ನಕ್ಕಳು, ಹಳೆ ಡಬ್ಬಕ್ಕೂ ಪಾಲು ಮಾಡ್ತೀರಾ ಎಂದು. ಆದರೂ ಹೆಣ್ಣುಮಕ್ಕಳ ಪಾಲನ್ನು ‘ನಮ್ಮ ತಂಗಿ ಕೇಳುವವಳಲ್ಲ’ ಎಂದು ನುಂಗಿಹಾಕುವ ರೂಢಿ ನಮ್ಮ ಸಮುದಾಯದಲ್ಲಿ ಇಂತಹ ಹಳೆ ಡಬ್ಬಗಳಿಂದಲೇ ಶುರುವಾಗುವುದು. ಹಣ ಕಳಿಸಿದೆ. ಬಳಕೆಗೆ ಬಾರದ ಕೆಲವು ವಿದ್ಯುತ್ ಸಾಮಾನುಗಳೂ ಮನೆಯಲ್ಲಿದ್ದವು. ಅವನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ಒಯ್ಯುವವರಿಗೆ ಕೊಟ್ಟೆವು. ಸೀಸವಿರುವ ಬೆಸುಗೆಯನ್ನು ಮಣ್ಣಿಗೆ ಸೇರಿಸುವುದೂ ನೆರೆಯವರಿಗೆ ಮಾಡುವ ಹಾನಿಯೇ.

ನೆರೆಯವರು ಎಂದಾಗ, ಮೇಲೆ ಹೇಳಿದ ನಿಶ್ಚಿಂತೆಯ ಮಾತಿಗೆ ಬರಬೇಕು.

ತಿಲಕ್‌ನಗರದಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಬ್ಬಾ ಕುರ್‌ಆನಿನ ಕ್ಯಾಸೆಟ್ ಹಾಕುತ್ತಿದ್ದರು. ಸೂರಃ ಕಹ್ಫ್, ಆಮೇಲೆ ಸೂರಃ ಯಾಸೀನ್, ರಹ್ಮಾನ್. ಜುಮಾಕ್ಕೆ ಹೊರಡುವವರೆಗೂ ಅದು ಮೊಳಗುತ್ತಿತ್ತು. ಬಾಗಿಲು ತೆರೆದಿರುತ್ತಿತ್ತು. ಬೀದಿಯ ತುದಿಯಲ್ಲಿರುವ ಅಂಗಡಿಯವರೆಗೂ ಕೇಳುತ್ತಿತ್ತೆಂದು ಹುಡುಗನಾಗಿದ್ದ ನನಗೆ ಹೆಮ್ಮೆ. ಅಮ್ಮಿ ಒಳಗೆ ಈರುಳ್ಳಿ ಹೆಚ್ಚುತ್ತಿದ್ದರು, ನಾವು ಇಸ್ತ್ರಿಗಾಗಿ ಜಗಳವಾಡುತ್ತಿದ್ದೆವು, ಅಬ್ಬಾ ಸ್ನಾನದ ಮನೆಯಲ್ಲಿರುತ್ತಿದ್ದರು. ಕುರ್‌ಆನ್ ಪಠಿಸುವಾಗ ಕಿವಿಗೊಟ್ಟು ಮೌನವಾಗಿ ಆಲಿಸಬೇಕೆಂಬ ಆಜ್ಞೆ ಕುರ್‌ಆನಿನಲ್ಲಿಯೇ ಇದೆ. ಬೀದಿಗೆಲ್ಲ ಕೇಳಿಸಿದ ನಮ್ಮ ಮನೆಯಲ್ಲಿ ಅದನ್ನು ಆಲಿಸಿದವರು ಯಾರೂ ಇರಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ನರ್ಸಮ್ಮ ಇದ್ದರು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಬಂದು ಮಲಗುತ್ತಿದ್ದರು. ನಮಗೆ ಜ್ವರ ಬಂದರೆ ಓಡಿಬರುತ್ತಿದ್ದವರು, ಅಬ್ಬಾರ ಕೊನೆಯ ದಿನಗಳಲ್ಲಿ ಇಂಜೆಕ್ಷನ್ ಹಾಕಿದವರೂ ಅವರೇ. ಮನೆ ಬಿಡುವಾಗ ಅಮ್ಮಿ ಅವರಿಗೆ ಹೇಳಿಹೋಗಲು ಹೋದರು, ನಾನೂ ಜೊತೆಗಿದ್ದೆ. ಕಣ್ಣೊರೆಸಿಕೊಂಡು, ಹಳೆಯದನ್ನೆಲ್ಲ ಮಾತಾಡಿ, ಕೊನೆಗೆ ನಗುತ್ತಲೇ ಹೇಳಿದರು: "ಶುಕ್ರವಾರ ಒಂದು ದಿನ ಮಾತ್ರ ನಿದ್ದೆ ಇರ್ತಿರಲಿಲ್ಲ ಅಕ್ಕಾ. ಕಿವಿಗೆ ಹತ್ತಿ ಇಟ್ಕೊಂಡ್ರೂ ಆ ಧಂ ಅನ್ನೋದು ಮಂಚಕ್ಕೇ ಬರ್ತಿತ್ತು. ದೇವರ ಹೆಸರು ಅಲ್ವಾ, ಹೇಗೆ ಹೇಳೋದು ಅಂತ ಸುಮ್ಮನಿದ್ದೆ."

ಅಮ್ಮಿ ಏನೂ ಹೇಳಲಾಗದೆ ಅವರ ಕೈ ಹಿಡಿದು ನಿಂತುಬಿಟ್ಟರು. ಎಷ್ಟು ಶುಕ್ರವಾರಗಳು! ಲೆಕ್ಕ ಹಾಕಲು ನನಗೆ ಧೈರ್ಯ ಬರಲಿಲ್ಲ. ಯಾರ ಉಪದ್ರವದಿಂದ ನೆರೆಯವರು ಸುರಕ್ಷಿತರಲ್ಲವೋ ಅವನ ವಿಶ್ವಾಸದ ಬಗ್ಗೆ ಪ್ರವಾದಿವರ್ಯರು(ಸ) ಆಣೆಯಿಟ್ಟು ಏನು ಹೇಳಿದ್ದಾರೆಂಬುದು ನಿಮಗೆಲ್ಲ ಗೊತ್ತು. ನಾವು ಉಪದ್ರವ ಎಂದರೆ ಬೈಗುಳ, ಜಗಳ, ಕಸ ಎಸೆಯುವುದು ಎಂದುಕೊಂಡಿದ್ದೆವು. ಕುರ್‌ಆನನ್ನೇ ಉಪದ್ರವದ ಸಾಧನವನ್ನಾಗಿ ಮಾಡಬಹುದೆಂದು ನಮಗೆ ಹೊಳೆಯಲೇ ಇಲ್ಲ.

ಮನೆಯ ಸಾಮಾನುಗಳಲ್ಲಿ ಇದೊಂದೇ ಹೀಗೆ. ಬೀರು ನಮ್ಮ ಗೋಡೆಯೊಳಗೇ ಇರುತ್ತದೆ. ಸದ್ದು ಮಾತ್ರ ಬಾಗಿಲು ತಟ್ಟದೆ, ಸಲಾಮ್ ಹೇಳದೆ ಇನ್ನೊಬ್ಬರ ಮಲಗುವ ಕೋಣೆಗೆ ಹೋಗುತ್ತದೆ. ಇನ್ನೊಬ್ಬರ ಮನೆಗೆ ಅನುಮತಿಯಿಲ್ಲದೆ ಪ್ರವೇಶಿಸಬೇಡಿರೆಂಬ ಆದೇಶವನ್ನು ಕಾಲಿಗೆ ಮಾತ್ರ ಅನ್ವಯಿಸಿಕೊಂಡು ನಾವು ಸುಮ್ಮನಿದ್ದೇವೆ. ನರ್ಸಮ್ಮ ಹೇಳಿದ ಆ ‘ಧಂ’ ಕೂಡ ಅವರ ಕಲ್ಪನೆಯಲ್ಲ. ತೆಳುವಾದ ಸ್ವರಗಳನ್ನು ಗೋಡೆ ಬಹುಮಟ್ಟಿಗೆ ತಡೆಯುತ್ತದೆ. ತಗ್ಗಿನ ಸ್ವರಗಳನ್ನು ತಡೆಯುವುದು ನಾಲ್ಕಂಗುಲದ ಗೋಡೆಗೆ ಕಷ್ಟ. ಸೆಕೆಂಡಿಗೆ 50 ಬಾರಿ ಕಂಪಿಸುವ ಒಂದು ತಗ್ಗು ಸ್ವರದ ಅಲೆಯ ಉದ್ದ ಸುಮಾರು ಏಳು ಮೀಟರ್, ಅಂದರೆ ಇಪ್ಪತ್ತೆರಡು ಅಡಿಗೂ ಹೆಚ್ಚು. ಹತ್ತು-ಹನ್ನೆರಡು ಅಡಿಯ ಕೋಣೆಯಲ್ಲಿ ಅದು ಗೋಡೆಯಿಂದ ಗೋಡೆಗೆ ಬಡಿದು ಗುಂಯ್‌ಗುಡುತ್ತದೆ, ಗೋಡೆಯನ್ನೂ ನಡುಗಿಸುತ್ತದೆ. ಸೊಂಟದೆತ್ತರದ ಪೆಟ್ಟಿಗೆಗಳು ಚೆನ್ನಾಗಿ ಮಾಡುವ ಕೆಲಸವೇ ಇದು. ನಾಲ್ಕಂಗುಲದ ಸ್ಪೀಕರಿಗೆ ಆ ತಗ್ಗಿನವರೆಗೆ ಇಳಿಯುವ ಶಕ್ತಿಯಿಲ್ಲ. ಮನುಷ್ಯನ ಪಠನಕ್ಕೆ ಅದು ಬೇಕಾಗಿಯೂ ಇಲ್ಲ.

ದೇಶದ ಕಾನೂನೂ ಇದನ್ನು ಗಮನಿಸಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಖಾಸಗಿ ಧ್ವನಿವ್ಯವಸ್ಥೆಯ ಸದ್ದು ತನ್ನ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗೂ ಹೆಚ್ಚು ಮೀರಬಾರದು. ಇಬ್ಬರು ಎದುರುಬದುರು ಕೂತು ಸಹಜವಾಗಿ ಮಾತಾಡಿದರೆ ಸುಮಾರು 60 ಡೆಸಿಬಲ್ ಆಗುತ್ತದೆ ಎಂದರೆ ಈ ಮಿತಿ ಎಷ್ಟು ಮೆತ್ತಗಿನದೆಂದು ನೀವೇ ಊಹಿಸಿ. ಮದುವೆ, ಉತ್ಸವ, ಚುನಾವಣೆ ಎಂದು ಬೇರೆಯವರ ಮೈಕುಗಳ ಬಗ್ಗೆ ದೂರುವಾಗ ನಮಗೆ ಈ ನಿಯಮ ನೆನಪಾಗುತ್ತದೆ. ನಮ್ಮದೇ ಹಾಲಿಗೆ ಅದನ್ನು ಹಿಡಿದು ನೋಡಿದವರು ಎಷ್ಟು ಮಂದಿ?

ಒಂದು ರಾತ್ರಿ ಪ್ರವಾದಿವರ್ಯರು(ಸ) ಸಂಗಾತಿಗಳ ನಮಾಝನ್ನು ಗಮನಿಸುತ್ತ ನಡೆದ ಪ್ರಸಂಗ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಹಝ್ರತ್ ಅಬೂಬಕರ್(ರ) ಮೆಲುದನಿಯಲ್ಲಿ ಓದುತ್ತಿದ್ದರು. ತಾನು ಮೊರೆಯಿಡುತ್ತಿರುವವನಿಗೆ ಅದು ಕೇಳಿಸುತ್ತಿದೆ ಎಂಬುದು ಅವರ ಸಮಾಧಾನ. ಹಝ್ರತ್ ಉಮರ್(ರ) ಗಟ್ಟಿಯಾಗಿ ಓದುತ್ತಿದ್ದರು. ತೂಕಡಿಸುವವರನ್ನು ಎಬ್ಬಿಸಿ ಶೈತಾನನನ್ನು ಓಡಿಸಬೇಕೆಂಬುದು ಅವರ ಉತ್ಸಾಹ. ಇಬ್ಬರ ಉದ್ದೇಶವೂ ಒಳ್ಳೆಯದೇ. ಪ್ರವಾದಿವರ್ಯರು(ಸ) ಅಬೂಬಕರರಿಗೆ ಸ್ವಲ್ಪ ಏರಿಸಲು, ಉಮರರಿಗೆ ಸ್ವಲ್ಪ ಇಳಿಸಲು ಹೇಳಿದರು. ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಉಮರರಂತಹ ಉಮರರಿಗೂ ದನಿಯ ವಿಷಯದಲ್ಲಿ ರಿಯಾಯಿತಿ ಸಿಗಲಿಲ್ಲ. ಅಬ್ಬಾರ ಉದ್ದೇಶವೂ ಒಳ್ಳೆಯದೇ ಇತ್ತು. ಅಲ್ಲಾಹನು ಅವರನ್ನು ಕ್ಷಮಿಸಲಿ. ಅವರಿಗೆ ಯಾರೂ ಹೇಳಲಿಲ್ಲ. ಓದಿ ಬಂದಿದ್ದ ನಾನೂ ಹೇಳಲಿಲ್ಲ.

ಸಣ್ಣ ಸೆಟ್ಟು ಬಂದ ಮಾತ್ರಕ್ಕೆ ಇದು ಸರಿಹೋಗುತ್ತದೆಂದು ತಿಳಿಯಬೇಡಿ. ಹಳೆಯ ಬಗೆಯ ಆಂಪ್ಲಿಫೈಯರು ತಾನು ತೆಗೆದುಕೊಂಡ ವಿದ್ಯುತ್ತಿನಲ್ಲಿ ದೊಡ್ಡ ಪಾಲನ್ನು ಶಾಖವಾಗಿ ಚೆಲ್ಲುತ್ತಿತ್ತು. ಅದರ ಭಾರವೆಲ್ಲ ಟ್ರಾನ್ಸ್‌ಫಾರ್ಮರಿನದು, ಬಿಸಿ ಹೀರುವ ಅಲ್ಯೂಮಿನಿಯಂ ಹಲ್ಲುಗಳದು. ಈಗಿನ ‘ಡಿ’ ದರ್ಜೆಯ ಆಂಪ್ಲಿಫೈಯರಿನಲ್ಲಿ ಟ್ರಾನ್ಸಿಸ್ಟರುಗಳು ಸ್ವಿಚ್ಚಿನಂತೆ ಸೆಕೆಂಡಿಗೆ ಲಕ್ಷಾಂತರ ಬಾರಿ ಆರಿ ಹತ್ತುತ್ತವೆ, ನೂರಕ್ಕೆ ಸುಮಾರು ತೊಂಬತ್ತರಷ್ಟು ಶಕ್ತಿ ಸ್ಪೀಕರಿಗೆ ಹೋಗುತ್ತದೆ. ಆದ್ದರಿಂದ ಬುತ್ತಿ ಡಬ್ಬಿಯೂ ಬೇಕೆಂದರೆ ಕಟ್ಟಡವನ್ನೆಲ್ಲ ಎಬ್ಬಿಸಬಲ್ಲದು. ಅದಕ್ಕೆ ಜೋಡಿಸುವ ಸಬ್‌ವೂಫರ್ ಎಂಬ ಮೂರನೆಯ ಪೆಟ್ಟಿಗೆ ಸಿಗುತ್ತದೆ. ಮಲಗುವ ಕೋಣೆಗೊಂದು, ಅಡುಗೆಮನೆಗೊಂದು ಬ್ಲೂಟೂತ್ ಸ್ಪೀಕರ್ ಸಿಗುತ್ತದೆ. ಅಗ್ಗವಾದ್ದರಿಂದಲೇ ಲೆಕ್ಕ ತಪ್ಪುತ್ತದೆ. ಅಬ್ಬಾ ಒಂದನ್ನು ಕೊಳ್ಳಲು ಎರಡು ವರ್ಷ ಯೋಚಿಸಿದರು, ನಾವು ಮೂರನ್ನು ಕೊಳ್ಳಲು ಎರಡು ನಿಮಿಷವೂ ಯೋಚಿಸುವುದಿಲ್ಲ. ಪತಿಗೊಂದು ಹಾಸಿಗೆ, ಪತ್ನಿಗೊಂದು, ಅತಿಥಿಗೊಂದು, ನಾಲ್ಕನೆಯದು ಶೈತಾನನಿಗೆ ಎಂಬ ಅರ್ಥದ ಹದೀಸಿನಲ್ಲಿ ಹಾಸಿಗೆಯ ಬೆಲೆಯ ಮಾತೇ ಇಲ್ಲ. ಅಗ್ಗದ್ದಾದರೆ ನಾಲ್ಕನೆಯದಕ್ಕೆ ಅಡ್ಡಿಯಿಲ್ಲ ಎಂದು ಅಲ್ಲಿ ಹೇಳಿಲ್ಲ.

ನನ್ನ ಕಥೆಯೂ ಇದಕ್ಕೆ ಹೊರತಲ್ಲ. ಸೆಟ್ಟು ತಂದ ತಿಂಗಳಲ್ಲೇ ಅಂಗಡಿಯವನು ಫೋನ್ ಮಾಡಿ, ಒಂದು ಜೊತೆ ಆರಂಗುಲದ ಸ್ಪೀಕರು ಬಂದಿದೆ, ನಿಮ್ಮದನ್ನು ಕೊಟ್ಟು ಮೇಲೆ ಎರಡು ಸಾವಿರ ಕೊಟ್ಟರೆ ಸಾಕು ಎಂದ. ಈ ಸಲ ಗೋಡೆ ಅಡ್ಡ ಬರಲಿಲ್ಲ, ಅದು ಹಾಲಿನಲ್ಲಿ ಹಿಡಿಸುತ್ತಿತ್ತು. ಸಂಬಳವೂ ಬಂದಿತ್ತು. ಬೇಡವೆಂದು ಹೇಳಲು ಯಾವ ನೆಪವೂ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ಫೋನಿಟ್ಟೆ. ಆ ನಾಳೆಯನ್ನು ನಾನು ಮೂರು ದಿನ ಮುಂದೂಡಿದೆ. ಮಸೀದಿಯ ಮೆಟ್ಟಿಲಲ್ಲಿ ನನ್ನನ್ನು ಹೊಗಳಿದ ಮಿತ್ರರು ಆ ಮೂರು ದಿನ ನನ್ನ ಮನಸ್ಸಿನೊಳಗೆ ಇಣುಕಿ ನೋಡಬೇಕಿತ್ತು!

ನಾಲ್ಕನೆಯ ದಿನ ಬೇಡವೆಂದೆ. ಅದಕ್ಕೆ ಕಾರಣ ಅಮ್ಮಿ.

ಹೊಸ ಸೆಟ್ಟಿನ ಸದ್ದು ಅಮ್ಮಿಗೆ ಮೊದಮೊದಲು ಸಾಲುತ್ತಿರಲಿಲ್ಲ. "ಸ್ವಲ್ಪ ಏರಿಸು ಬೇಟಾ" ಎನ್ನುತ್ತಿದ್ದರು. ಏರಿಸಿ ನಾನು ಮೆಟ್ಟಿಲಿಗೆ ಹೋಗಿ ನಿಂತು ಕಿವಿಗೊಡುತ್ತಿದ್ದೆ, ಮತ್ತೆ ಬಂದು ಇಳಿಸುತ್ತಿದ್ದೆ. ಗೋಡೆಯ ಆ ಕಡೆ ಒಂದು ಕೂಸಿದೆ. ಅದರ ತಾಯಿಯನ್ನು ಒಂದು ದಿನ ನಾನೇ ಕೇಳಿದೆ, ನಮ್ಮ ಸದ್ದು ಬರುತ್ತದೆಯೇ ಎಂದು. ಆಕೆ ಸಂಕೋಚದಿಂದ, ಇಲ್ಲ ಬಿಡಿ ಎಂದಳು. ನರ್ಸಮ್ಮನ ನಂತರ ಇಂತಹ ‘ಇಲ್ಲ ಬಿಡಿ’ಯನ್ನು ನಾನು ನಂಬುವುದಿಲ್ಲ. ಮಗು ಮಲಗುವ ಹೊತ್ತು ಕೇಳಿ ತಿಳಿದುಕೊಂಡು ಗೋಡೆಯ ಮೇಲೆ ಬರೆದಿಟ್ಟೆ. ಪೆಟ್ಟಿಗೆಗಳನ್ನೂ ಆ ಗೋಡೆಯಿಂದ ಬಿಡಿಸಿ ಇನ್ನೊಂದು ಬದಿಗೆ, ಮರದ ಸ್ಟೂಲುಗಳ ಮೇಲೆ ಕೂರಿಸಿದೆ.

ಬಯಲಿನಲ್ಲಿ ಸದ್ದಿನ ಮೂಲಕ್ಕೆ ಅರ್ಧ ದೂರ ಹತ್ತಿರ ಹೋದರೆ ಅದು 6 ಡೆಸಿಬಲ್ ಹೆಚ್ಚಾಗಿ ಕೇಳುತ್ತದೆ. ಅಷ್ಟನ್ನು ಯಂತ್ರದಿಂದ ಪಡೆಯಬೇಕಾದರೆ ನಾಲ್ಕು ಪಟ್ಟು ಶಕ್ತಿ ಬೇಕು. ಕೋಣೆಯೊಳಗೆ ಗೋಡೆಗಳೂ ಸದ್ದನ್ನು ಹಿಂದಕ್ಕೆ ಕಳಿಸುವುದರಿಂದ ಅಷ್ಟು ಲಾಭವಿಲ್ಲದಿದ್ದರೂ ಸಾಕಷ್ಟು ಇದ್ದೇ ಇದೆ. ಅಮ್ಮಿಗೆ ಈ ಲೆಕ್ಕವೆಲ್ಲ ತಿಳಿಯದು. ಅಂಗಡಿಯವನಿಗೆ ಏನು ಹೇಳಲಿ ಎಂದು ನಾನು ಒದ್ದಾಡುತ್ತಿದ್ದ ನಾಲ್ಕನೆಯ ದಿನ ಅಸರ್ ಮುಗಿಸಿ ಮನೆಗೆ ಬಂದಾಗ, ಅವರು ಪ್ಲಾಸ್ಟಿಕ್ ಕುರ್ಚಿಯನ್ನು ಸ್ಟೂಲುಗಳ ಹತ್ತಿರಕ್ಕೆ ಎಳೆದುಕೊಂಡು, ತಲೆಯ ಮೇಲೆ ದುಪಟ್ಟಾ ಹೊದ್ದು, ಹುಸರಿಯವರ ಪಾರಾಯಣಕ್ಕೆ ಕಿವಿಗೊಟ್ಟು ಕೂತಿದ್ದರು. ಅಡುಗೆಮನೆಯಲ್ಲಿ ಏನೂ ಬೇಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ನನಗೆ ಸ್ವರ ಮಾತ್ರ ಕೇಳುತ್ತಿತ್ತು, ಶಬ್ದಗಳು ಸ್ಪಷ್ಟವಾಗುತ್ತಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.